ಚಾಪೆ ಎತ್ತಿದ ಭಾನುವಾರ

ಇಯನೆತಳ ಕೈಯಲ್ಲಿ ತೆಂಗಿನ ಕಡ್ಡಿ ಇಲ್ಲದ ಭಾನುವಾರವನ್ನು ಸವಾಯಿ ದ್ವೀಪದ ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಪೊರಕೆಯಿಂದ ಕಿತ್ತ ಒಂದು ಕಡ್ಡಿ, ಅಷ್ಟೇ. ಪಾದ್ರಿಗಳ ಪ್ರಸಂಗ ಉದ್ದವಾಗಿ, ಮುಂದಿನ ಬೆಂಚುಗಳಲ್ಲಿ ಕೂತ ಮಕ್ಕಳ ಕತ್ತು ಒಂದೊಂದಾಗಿ ವಾಲತೊಡಗಿದಾಗ ಅವಳು ಕೂತಲ್ಲಿಂದಲೇ ಅದನ್ನು ಚಾಚಿ ಮೊಣಕಾಲಿಗೋ ಕಿವಿಗೋ ಮುಟ್ಟಿಸುತ್ತಿದ್ದಳು. ಮಕ್ಕಳು ಬೆಚ್ಚಿಬಿದ್ದು, ತಾವು ನಿದ್ದೆಯನ್ನೇ ಮಾಡಿಲ್ಲವೆನ್ನುವಂತೆ ಕಣ್ಣಗಲಿಸಿ ಕೂರುತ್ತಿದ್ದರು. ಅವಳ ಕೈಕೆಳಗೆ ಕಲಿತು ಈಗ ಮೊಮ್ಮಕ್ಕಳನ್ನು ಎತ್ತಿಕೊಂಡು ಬರುವ ಗಂಡಸರು ಕೂಡ ಅವಳು ಪಕ್ಕದಲ್ಲಿ ಹಾದರೆ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. "ಇಯನೆತ ಪ್ರೀತಿ ಕಲಿಸೋದು ಕಿವಿ ಹಿಂಡಿ" ಎಂದು ಊರು ನಗುತ್ತಿತ್ತು. ಕಿವಿ ಹಿಂಡಿಸಿಕೊಂಡವರಿಗೆ ಆಮೇಲೆ ಅವಳ ಮನೆಯಲ್ಲಿ ಬಿಸಿ ಕೋಕೋ ಗಂಜಿ ಸಿಗುತ್ತಿತ್ತು. ಅದನ್ನು ಹೇಳಲು ಮಾತ್ರ ಊರಿಗೆ ನೆನಪಾಗುತ್ತಿರಲಿಲ್ಲ.

ಮದುವೆಯಾದ ಕೆಲವೇ ವರ್ಷಗಳಲ್ಲಿ ಗಂಡ ಜ್ವರ ಬಂದು ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ತವರಿಗೆ ಮರಳಿ ಯಾರ ಜೊತೆಗೂ ಮಾತಿಲ್ಲದೆ ಚಾಪೆ ಹೆಣೆಯುತ್ತ ಕೂತಿದ್ದವಳನ್ನು ಆಗಿನ ಪಾದ್ರಿಗಳು ಕರೆದು, "ನೀನಿನ್ನು ಮಕ್ಕಳನ್ನ ನೋಡ್ಕೊಳಮ್ಮ" ಅಂದರು. "ಯಾರ ಮಕ್ಕಳನ್ನ?" ಅಂತ ಅವಳು ಮುಖ ಗಂಟಿಕ್ಕಿ ಕೇಳಿದಳು. "ಊರಿನ ಮಕ್ಕಳನ್ನ" ಅಂದರು ಅವರು. ಅವತ್ತು ಹಿಡಿದ ಸಂಡೇ ಸ್ಕೂಲನ್ನು ಅವಳು ಬಿಟ್ಟಿರಲಿಲ್ಲ. ಪಾದ್ರಿಗಳು ಎಷ್ಟೋ ಜನ ಬಂದು ಹೋದರು.

ಪ್ರೀತಿ ಅಂದರೇನು, ಕರುಣೆ ಅಂದರೇನು ಎಂದು ಅವಳು ಎಂದೂ ವಿವರಿಸುತ್ತಿರಲಿಲ್ಲ. ವಿವರಿಸಿದರೆ ಮಕ್ಕಳು ತಲೆಯಾಡಿಸುತ್ತವೆ, ಮನೆ ಮುಟ್ಟುವ ಮುಂಚೆ ಮರೆಯುತ್ತವೆ. ಅದಕ್ಕೆ ಅವಳು ಯೇಸು ಹೇಳಿದ ಕತೆಗಳನ್ನು ಪಾದ್ರಿಮನೆ ಹಿಂದಿನ ದೀವಿಹಲಸಿನ ಮರದ ಕೆಳಗೆ ಆಡಿಸುತ್ತಿದ್ದಳು. ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದವನ ಕತೆಯನ್ನು ಒಮ್ಮೆ ನಿಜವಾದ ದಾರಿಯಲ್ಲೇ ಆಡಿಸಲು ಹೋಗಿ ಫಜೀತಿಯಾಗಿತ್ತು. ಮೈಗೆಲ್ಲ ಕೆಂಪು ಬಣ್ಣ ಬಳಿದುಕೊಂಡು ಬಿದ್ದಿದ್ದ ಹುಡುಗನನ್ನು ಬಸ್ಸಿನವನು ಎತ್ತಿ ಹಾಕಿಕೊಂಡು ಆಸ್ಪತ್ರೆಗೇ ಒಯ್ದಿದ್ದ. "ಒಯ್ದ ತಾನೆ? ನೋಡದ ಹಾಗೆ ಹೋಗಲಿಲ್ಲ ತಾನೆ? ಪಾಠ ಮುಗೀತು" ಎಂದಿದ್ದಳು ಇಯನೆತ.

ಹೀಗೆ ಊರಿಗೆಲ್ಲ ಕ್ಷಮೆ ಕಲಿಸುವ ಇಯನೆತ ಎರಡು ವರ್ಷಗಳಿಂದ ಒಬ್ಬ ಮನುಷ್ಯ ಎದುರು ಬಂದರೆ ಸಮುದ್ರದ ಕಡೆ ಮುಖ ತಿರುಗಿಸುತ್ತಿದ್ದಳು. ಆತ ವಾಯಿಲಿ. ಊರಿನ ದೊಡ್ಡ ಮನೆತನದ ಯಜಮಾನ, ಚರ್ಚಿನ ಮೊದಲ ಸಾಲಿನಲ್ಲಿ ಕೂರುವ ಮುದುಕ.

ಆದದ್ದು ಇಷ್ಟು. ಇಯನೆತಳ ತಮ್ಮ ಪೆಸಮಿನೊ ಒಳ್ಳೆಯವನೇ, ಆದರೆ ಮೂಗಿನ ತುದಿಯಲ್ಲಿ ಕೋಪ. ಊರ ಕ್ರಿಕೆಟ್ಟಿನಲ್ಲಿ ಔಟು ಹೌದೋ ಅಲ್ಲವೋ ಎಂಬ ಜಗಳ ಬೆಳೆದು ಅವನು ಮೂರು ಮುಖದ ಭಾರಿ ಬ್ಯಾಟನ್ನು ಬೀಸಿಬಿಟ್ಟ. ಅದು ವಾಯಿಲಿಯ ಮಗ ಕೆಲೆಮೆತೆಯ ಮೊಣಕೈ ಮುರಿಯಿತು. ಕೆಲೆಮೆತೆ ಮರುವಾರ ಹಣ್ಣು ಕೀಳುವ ಕೆಲಸಕ್ಕೆ ನ್ಯೂಜಿಲೆಂಡಿಗೆ ಹೋಗಬೇಕಿತ್ತು. ಆ ಕೆಲಸ ಹೋಯಿತು, ಕೈಯೂ ಸೊಟ್ಟಗೇ ಕೂಡಿಕೊಂಡಿತು.

ಇಂಥ ತಪ್ಪಿಗೆ ಅಲ್ಲಿ ಒಂದೇ ದಾರಿ. ಬೆಳಕು ಹರಿಯುವ ಮೊದಲೇ ತಪ್ಪು ಮಾಡಿದವನು ಮನೆಯವರೊಂದಿಗೆ ಹೋಗಿ, ಮನೆಯಲ್ಲಿರುವ ಅತಿ ಬೆಲೆಯ ನಯಚಾಪೆಯನ್ನು ತಲೆಯ ಮೇಲೆ ಹೊದ್ದು, ನೊಂದವರ ಮನೆ ಮುಂದೆ ಬಗ್ಗಿ ಕೂರಬೇಕು. ಪಕ್ಕದಲ್ಲಿ ಕಟ್ಟಿಗೆ, ಕಲ್ಲು, ಎಲೆ. ಬೇಕಾದರೆ ನಮ್ಮನ್ನು ಸುಟ್ಟು ತಿನ್ನಿ ಎಂದು ಅರ್ಥ. ಆ ಮನೆಯ ಯಜಮಾನ ಹೊರಬಂದು ಚಾಪೆ ಎತ್ತಿದರೆ ಎಲ್ಲ ಮುಗಿಯಿತು, ಮತ್ತೆ ಆ ಮಾತು ಯಾರೂ ಎತ್ತುವಂತಿಲ್ಲ. ಪೆಸಮಿನೊ ಹೋಗಿ ಕೂತ. ಪಕ್ಕದಲ್ಲಿ ಅದೇ ಚಾಪೆಯ ಕೆಳಗೆ ಇಯನೆತ ಕೂತಳು. ಬಿಸಿಲು ಏರಿತು. ವಾಯಿಲಿಯ ಮನೆಗೆ ಗೋಡೆಯ ಬದಲು ಕಟ್ಟಿದ್ದ ಓಲೆಯ ತೆರೆಗಳು ಇಳಿದೇ ಇದ್ದವು. ಯಾರೂ ಹೊರಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪೆಸಮಿನೊ ಎದ್ದು, ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಊರೆಲ್ಲ ನೋಡುತ್ತಿರುವಾಗ ಮನೆಗೆ ನಡೆದ. ಎತ್ತದ ಚಾಪೆಯ ಕೆಳಗೆ ಎರಡನೇ ಸಲ ಹೋಗಿ ಕೂರುವ ಮುಖ ಯಾರಿಗಿದೆ? ಅವನು ಚರ್ಚಿಗೆ ಬರುವುದನ್ನೂ ಬಿಟ್ಟ.

ಈ ವರ್ಷ ಮಕ್ಕಳ ಹಬ್ಬವಾದ ಬಿಳಿ ಭಾನುವಾರ ಹತ್ತಿರವಾದಾಗ ಅವನು ಅಕ್ಕನ ಮನೆಗೆ ಬಂದು, ಅವಳ ಮುಖ ನೋಡದೆ ವಿಷಯ ಹೇಳಿದ.

"ಅಕ್ಕಾ, ಮಕ್ಕಳ ಹಬ್ಬ ಒಂದು ಕಳೀಲಿ. ಮನೋಂಗಿ ಬಿಳೀ ಬಟ್ಟೆ ಹಾಕ್ಕೊಂಡು ಎಲ್ಲರ ಜೊತೆ ಹಾಡ್ಲಿ. ಆಮೇಲೆ ನಾವು ಹಡಗು ಹತ್ತುತೀವಿ. ನನ್ನ ಹೆಂಡ್ತಿ ತವರಿನ ಕಡೆ ಜಾಗ ಕೊಡ್ತಾರಂತೆ."

"ಹೋಗಪ್ಪ, ಹೋಗು. ನಾನು ಸತ್ತರೆ ಗುಂಡಿ ತೋಡೋಕೆ ಯಾರನ್ನ ಕರೀಲಿ? ವಾಯಿಲಿನಾ?"

"ಅವನು ಬರಲ್ಲ ಬಿಡು. ಮನೆ ಮುಂದೆ ಹೋಗಿ ಕೂತ್ರೇ ಬರ್ಲಿಲ್ಲ."

ಅವನು ಹೋದ ಮೇಲೆ ಇಯನೆತ ಬಹಳ ಹೊತ್ತು ಅತ್ತಳು. ಮನೋಂಗಿ ಎಂಟು ವರ್ಷದ ಹುಡುಗಿ, ತಮ್ಮನ ಒಬ್ಬಳೇ ಮಗಳು. ಹುಟ್ಟಿದಾಗಿನಿಂದ ಅರ್ಧ ದಿನ ಅತ್ತೆಯ ಮನೆಯಲ್ಲೇ ಬೆಳೆದವಳು. ಅವಳಿಲ್ಲದ ಮನೆಯಲ್ಲಿ ಕೋಕೋ ಗಂಜಿ ಯಾರಿಗಾಗಿ ಕುದಿಸುವುದು?

ಆ ವರ್ಷದ ಹಬ್ಬಕ್ಕೆ ಅವಳು ಮನೆ ಬಿಟ್ಟು ಹೋಗಿ ಹಾಳಾಗಿ ಮರಳಿ ಬಂದ ಮಗನ ಕತೆಯನ್ನು ಆರಿಸಿದ್ದಳು. ತಂದೆಯ ಪಾತ್ರ ವಾಯಿಲಿಯ ಮೊಮ್ಮಗ ಒಕೆಸೆನೆಗೆ. ಜಗಳ ದೊಡ್ಡವರದು, ಹುಡುಗನ ಗಂಟಲು ಮಾತ್ರ ಶಂಖದಂಥದ್ದು, ಬಿಡಲಾಗುತ್ತದೆಯೇ? ಮಗನ ಪಾತ್ರ ಇಲೈಸ ಎಂಬ ಹುಡುಗನಿಗೆ. ಮರದ ಕೆಳಗೆ ಮೊದಲ ದಿನ ಅವಳು ಕೇಳಿದಳು, "ಮಗ ವಾಪಸ್ ಬಂದ. ಅಪ್ಪನ ಮುಂದೆ ಹ್ಯಾಗೆ ಬರ್ತಾನೆ ಹೇಳ್ರೋ?"

"ಚಾಪೆ ಹೊದ್ಕೊಂಡು!" ಎಂದವು ಮಕ್ಕಳೆಲ್ಲ ಒಂದೇ ಉಸಿರಿಗೆ.

ಕತೆಯಲ್ಲಿ ಚಾಪೆ ಇಲ್ಲ ಎಂದು ಹೇಳಲು ಬಾಯಿ ತೆರೆದವಳು ಹೇಳಲಿಲ್ಲ. ಆ ಮಕ್ಕಳ ಮಟ್ಟಿಗೆ ಚಾಪೆಯಿಲ್ಲದೆ ಕ್ಷಮೆ ಕೇಳುವುದೆಂದರೆ ಒಲೆಯಿಲ್ಲದೆ ಅಡುಗೆ ಮಾಡಿದ ಹಾಗೆ. ಸರಿ ಎಂದು ಬಿಟ್ಟಳು. ಪಾದ್ರಿಮನೆಯ ಹಳೆಯ ಮಲಗುವ ಚಾಪೆಯಲ್ಲಿ ಆಟ ನಡೆಯಿತು. ಇಲೈಸ ಒಳಗಿಂದ ನಗುತ್ತಿದ್ದ, ಕಡ್ಡಿಯಿಂದ ಚಾಪೆಯ ಮೇಲೇ ಒಂದು ಬೀಳುತ್ತಿತ್ತು.

ಶನಿವಾರ ಇಲೈಸ ಹವಳದ ಬಂಡೆ ಮೇಲೆ ಕಾಲಿಟ್ಟು ಪಾದ ಸೀಳಿಕೊಂಡ. ಸಂಜೆಗೆ ಕಾಲು ಊದಿತು. ಅವನ ಮಾತುಗಳೆಲ್ಲ ಬಾಯಿಪಾಠವಿದ್ದದ್ದು ಒಬ್ಬಳಿಗೇ, ಪ್ರತಿದಿನ ಅತ್ತೆಯ ಬಾಲ ಹಿಡಿದು ಬರುತ್ತಿದ್ದ ಮನೋಂಗಿಗೆ.

"ನಾನು ಮಾಡ್ತೀನಿ ಅತ್ತೆ. ಗಂಡು ಮಗ ಅನ್ನೋ ಕಡೆ ಹೆಣ್ಣು ಮಗು ಅಂದ್ರಾಯ್ತು."

ಇಯನೆತ ಪಾದ್ರಿಯಮ್ಮನ ಬಳಿಗೆ ಓಡಿದಳು. "ಆಟ ನಿಲ್ಲಿಸಿಬಿಡೋಣ ಅಮ್ಮಾ. ಪೆಸಮಿನೊನ ಮಗಳು ಚಾಪೆ ಕೆಳಗೆ, ವಾಯಿಲಿ ಮೊಮ್ಮಗ ಮೇಲೆ! ನಾನೇ ಬೇಕೂಂತ ಬಲೆ ಹಾಕ್ದೆ ಅಂತಾನೆ ಆ ಮುದುಕ."

"ನೀವೇನು ಇಲೈಸನ ಕಾಲು ಕುಯ್ದಿರಾ?"

"ನಾನು ಕುಯ್ದಿಲ್ಲ. ಅವನು ನಂಬಬೇಕಲ್ಲ?"

"ಮಕ್ಕಳು ಎರಡು ತಿಂಗಳಿಂದ ಕಲ್ತಿದಾರೆ. ದೊಡ್ಡವರ ಮುಖ ನೋಡ್ಕೊಂಡು ಅವರ ಹಬ್ಬ ಕೆಡಿಸ್ತೀರಾ, ಇಯನೆತಮ್ಮಾ?" ಎಂದು ಪಾದ್ರಿಯಮ್ಮ ಮೆತ್ತಗೆ ಕೇಳಿದರು. ಇಯನೆತ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿಕೊಂಡಳು.

ಬೆಳಗಾಯಿತು. ಊರಿಗೆ ಊರೇ ಬಿಳಿ. ಮಕ್ಕಳ ತಲೆಗೆ ತೆಂಗಿನೆಣ್ಣೆ, ಕಿವಿಯ ಹಿಂದೆ ಹೂವು, ಹೊಸ ಬಟ್ಟೆಯ ಗಂಜಿ ಇನ್ನೂ ಸರಸರ ಅನ್ನುತ್ತಿತ್ತು. ಅವತ್ತು ಚರ್ಚು ಮಕ್ಕಳದೇ. ಚಿಕ್ಕವು ಒಂದೊಂದಾಗಿ ಮುಂದೆ ಬಂದು ಬಾಯಿಪಾಠ ಒಪ್ಪಿಸಿದವು. ಒಬ್ಬ ಪೋರ ಅರ್ಧ ಸಾಲು ಹೇಳಿ, ಉಳಿದದ್ದನ್ನು ನುಂಗಿ, ಅಮ್ಮನ ಮಡಿಲಿಗೆ ಓಡಿದ. ಎಲ್ಲರೂ ಮೆಚ್ಚಿ ನಕ್ಕರು. ಇಯನೆತಳಿಗೆ ನಗು ಬರಲಿಲ್ಲ. ಅವಳ ಕಣ್ಣು ಕಿಟಕಿಯ ಕಡೆಗಿತ್ತು. ಹೊರಗೆ, ಗೋಡೆಗೆ ಒರಗಿದಂತೆ ಪೆಸಮಿನೊ ನಿಂತಿದ್ದ. ಒಳಗೆ ಬಾರದಿದ್ದರೂ ಮಗಳ ಮಾತು ಕೇಳದಿರಲು ಅವನಿಂದಾಗಿರಲಿಲ್ಲ.

ಆಟ ಶುರುವಾಯಿತು. ಮಗಳು ಹಟ ಮಾಡಿ ಮನೆ ಬಿಟ್ಟಳು, ಕುಣಿದಳು, ಹಸಿದಳು, ಹಂದಿಗಳ ಜೊತೆ ತಿಂದಳು. ಹಂದಿಯಾದ ಮಕ್ಕಳು ಅಗತ್ಯಕ್ಕಿಂತ ಹೆಚ್ಚೇ ಗುರುಗುಟ್ಟಿದವು. ಆಮೇಲೆ ಮನೋಂಗಿ ಬಾಗಿಲ ಮರೆಗೆ ಹೋಗಿ ಚಾಪೆ ಹೊದ್ದು ಬಂದು ಒಕೆಸೆನೆಯ ಮುಂದೆ ಬಗ್ಗಿ ಕೂತಳು.

ಇಯನೆತ ಕತ್ತು ಚಾಚಿ ನೋಡಿದಳು. ಅದು ಪಾದ್ರಿಮನೆಯ ಹಳೆ ಚಾಪೆಯಲ್ಲ. ರೇಷ್ಮೆಯಂತೆ ನುಣುಪಾದ ಹೆಣಿಗೆ, ಅಂಚಿಗೆ ಕೆಂಪು ಗರಿ. ಪೆಸಮಿನೊನ ಮನೆಯ ನಯಚಾಪೆ. ಅವತ್ತು ಯಾರೂ ಎತ್ತದ ಚಾಪೆ. ಆ ಊರಿನವರು ನಯಚಾಪೆಗಳನ್ನು ಮನುಷ್ಯರ ಮುಖ ಗುರುತಿಸಿದಂತೆ ಗುರುತಿಸುತ್ತಾರೆ. ಚರ್ಚಿನ ಉದ್ದಕ್ಕೂ ಬೀಸಣಿಗೆಗಳು ನಿಂತವು. ಹಳೆಯ ಚಾಪೆಯನ್ನು ಇಲಿ ಕಡಿದಿತ್ತು, ಹಬ್ಬದ ದಿನ ತೂತು ಚಾಪೆ ಯಾಕೆಂದು ಹುಡುಗಿ ಅಮ್ಮನ ಪೆಟ್ಟಿಗೆಯಿಂದ ಇದನ್ನು ತಂದಿದ್ದಳು. ಅದು ಆಮೇಲೆ ತಿಳಿದ ವಿಷಯ.

ಒಕೆಸೆನೆ ಚಾಪೆಯನ್ನೇ ನೋಡಿದ. ಎರಡು ವರ್ಷದ ಹಿಂದೆ ಮನೆಯ ತೆರೆಯ ಸಂದಿನಿಂದ ಅದನ್ನು ನೋಡಿದ್ದವನು ಅವನು. ಚಾಚಿದ ಕೈ ಹಿಂದೆ ಬಂತು. ಅವನು ಮೊದಲ ಸಾಲಿನ ಕಡೆ ತಿರುಗಿ, ಚರ್ಚಿಗೆಲ್ಲ ಕೇಳುವ ತನ್ನ ಆ ಗಂಟಲಿನಲ್ಲಿ ಕೇಳಿದ:

"ತಾತಾ, ಇದು ಅವರ ನಿಜವಾದ ಚಾಪೆ. ನಾನು ಎತ್ತಬಹುದಾ?"

ವಾಯಿಲಿ ಅಲುಗಲಿಲ್ಲ.

ಇಯನೆತ ಅರ್ಧ ಎದ್ದಿದ್ದಳು. ಆಟ ಕಣೋ, ಎತ್ತೋ ಎಂದು ಅವಳು ಒಂದು ಮಾತು ಅಂದಿದ್ದರೆ ಹುಡುಗ ಎತ್ತುತ್ತಿದ್ದ, ಎಲ್ಲರೂ ನಿಟ್ಟುಸಿರು ಬಿಡುತ್ತಿದ್ದರು, ಮುಂದಿನ ಹಾಡು ಶುರುವಾಗುತ್ತಿತ್ತು. ಆದರೆ ಹಾಗೆ ಅಂದುಬಿಟ್ಟರೆ ಅದು ಬರೀ ಆಟವೇ ಆಗಿ ಹೋಗುತ್ತಿತ್ತು, ಹಬ್ಬ ಮುಗಿದ ಮೇಲೆ ಹಡಗು ಹೊರಡುತ್ತಿತ್ತು. ಅನ್ನದಿದ್ದರೆ? ಆ ಚಾಪೆಯ ಕೆಳಗಿನ ಬಿಸಿ, ಬೆವರು ಕಣ್ಣಿಗಿಳಿಯುವ ಉರಿ, ಇಳಿದ ತೆರೆಗಳನ್ನು ಕಾಣದೆಯೇ ಕಾಯುವ ಹೊತ್ತು, ಎಲ್ಲ ಅವಳಿಗೆ ಗೊತ್ತಿತ್ತು. ಮಗುವನ್ನು ಅಲ್ಲಿ ಕೂರಿಸಿ ಸುಮ್ಮನಿರುವುದು ಹೇಗೆ? ಅವಳು ತುಟಿ ಕಚ್ಚಿ ಸುಮ್ಮನಿದ್ದಳು. ಜೀವಮಾನದಲ್ಲಿ ಅವಳು ಅಷ್ಟು ಕಷ್ಟಪಟ್ಟು ಬಾಯಿ ಮುಚ್ಚಿಕೊಂಡಿರಲಿಲ್ಲ.

ಚಾಪೆಯ ಒಳಗಿಂದ ಸಣ್ಣ ದನಿ ಬಂತು. "ಒಕೆಸೆನೆ, ಬೇಗ ಎತ್ತೋ. ಒಳಗೆ ಸೆಕೆ. ಗರಿ ಮೂಗಿಗೆ ಹೋಗಿ ಸೀನು ಬರ್ತಿದೆ."

ಹಿಂದೆ ಯಾರೋ ಕಿಸಕ್ಕೆಂದು ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡರು. ವಾಯಿಲಿ ಪಕ್ಕದಲ್ಲಿದ್ದ ಮಗನ ಕಡೆ ನೋಡಿದ. ಕೆಲೆಮೆತೆ ತನ್ನ ಸೊಟ್ಟ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಿದ್ದ. ನೋಡುತ್ತಲೇ ಅಂದ, "ಹೋಗಪ್ಪ. ಮಗು ಬೇಯ್ತಿದೆ."

ಮುದುಕ ಎದ್ದ. ಮೊಣಕಾಲು ಹಿಡಿದಿತ್ತು, ಬೆಂಚಿನ ತುದಿ ಹಿಡಿದು ನಿಂತು, ನಿಧಾನವಾಗಿ ಮುಂದೆ ಬಂದು, ಬಗ್ಗಿ, ಎರಡೂ ಕೈಯಿಂದ ಚಾಪೆ ಎತ್ತಿದ. ಕೆದರಿದ ಕೂದಲಿನ ಮನೋಂಗಿ ಕತ್ತೆತ್ತಿ ನೋಡಿ, ಅಲ್ಲಿ ಒಕೆಸೆನೆ ಇರಬೇಕಾದ ಕಡೆ ಊರ ಯಜಮಾನನನ್ನು ಕಂಡು, ಅವನ ಬಿಳಿ ಕೋಟಿನ ಮೇಲೇ ಸೀನಿದಳು.

"ಒಳ್ಳೇದಾಗ್ಲಿ" ಎಂದ ವಾಯಿಲಿ. "ಅವತ್ತು ನಿಮ್ಮಪ್ಪಂಗೆ ಇನ್ನೊಂದು ಚೂರು ಹೊತ್ತು ಕೂರೋ ತಾಳ್ಮೆ ಇರ್ಲಿಲ್ಲ ಕಣಮ್ಮ. ನನಗೆ ಎದ್ದು ಬರೋ ಬುದ್ಧಿ ಇರ್ಲಿಲ್ಲ. ನಾನು ತೆರೆ ಎತ್ತೋ ಹೊತ್ತಿಗೆ ಅಂಗಳ ಖಾಲಿ. ಖಾಲಿ ಅಂಗಳದಲ್ಲಿ ಏನನ್ನ ಎತ್ತಲಿ?" ಆಮೇಲೆ ಕಿಟಕಿಯ ಕಡೆ ತಿರುಗಿ ಗದರಿದ. "ಲೋ ಪೆಸಮಿನೊ! ಕಿಟಕೀಲಿ ನಿಂತು ದೇವರ ಮಾತು ಕೇಳೋದು ಯಾವ ಊರ ಪದ್ಧತಿಯೋ? ಒಳಗೆ ಬಾ."

ಪೆಸಮಿನೊ ಒಳಗೆ ಬಂದ. ಬಾಗಿಲಿಂದ ಮುಂದಿನ ಸಾಲಿನವರೆಗೆ ಬರುವಷ್ಟರಲ್ಲಿ ದೊಡ್ಡ ಗಂಡಸು ಮಗುವಿನಂತೆ ಬಿಕ್ಕುತ್ತಿದ್ದ. ಮುದುಕ ಅವನ ಹೆಗಲ ಮೇಲೆ ಚಾಪೆ ಹಾಕಿ ಅಪ್ಪಿಕೊಂಡ. ಊರೇ ಅತ್ತಿತು. ಅಷ್ಟರಲ್ಲಿ ಮನೋಂಗಿ ವಾಯಿಲಿಯ ಕೋಟು ಜಗ್ಗಿದಳು.

"ನನ್ನ ಮಾತು ಇನ್ನೂ ಆಗಿಲ್ಲ ತಾತ. ನೀವು ನಡುವೆ ಬಂದ್ಬಿಟ್ರಿ."

ಅವಳ ಮಾತು ಆಗುವವರೆಗೆ ಎಲ್ಲರೂ ಕಣ್ಣೊರೆಸಿಕೊಂಡು ಕಾದರು. ಅವಳು ಒಂದಕ್ಷರ ಬಿಡದೆ ಒಪ್ಪಿಸಿದಳು. ಕೊನೆಗೆ ಒಕೆಸೆನೆಗೂ ತನ್ನ ಪಾತ್ರದ ಮಾತು ನೆನಪಾಗಿ, "ಕಳೆದುಹೋದ ಮಗು ಸಿಕ್ಕಿತು, ದಪ್ಪ ಹಂದಿ ಸುಡಿ!" ಎಂದು ಸೂರು ಹಾರುವಂತೆ ಕೂಗಿದ.

ಹಂದಿ ಆಗಲೇ ಕಾದ ಕಲ್ಲುಗಳ ನಡುವೆ ಬೆಂದಿತ್ತು. ಆ ಒಂದು ದಿನ ಮಕ್ಕಳು ಮೊದಲು ಉಣ್ಣುತ್ತಾರೆ, ದೊಡ್ಡವರು ಬಡಿಸುತ್ತಾರೆ, ನೊಣ ಓಡಿಸುತ್ತಾರೆ. ಉಳಿದರೆ ತಿನ್ನುತ್ತಾರೆ. ವಾಯಿಲಿ ತಾನೇ ಎಲೆ ಹಿಡಿದು ಮನೋಂಗಿಗೂ ಒಕೆಸೆನೆಗೂ ಯಜಮಾನರ ಪಾಲಿನ ಮಾಂಸ ಬಡಿಸಿದ. ಕೆಲೆಮೆತೆ ಬೆಂದ ಕೆಸುವಿನ ಗೆಡ್ಡೆಯ ದೊಡ್ಡ ಬುಟ್ಟಿಯ ಹತ್ತಿರ ನಿಂತು ಕೂಗಿದ, "ಪೆಸಮಿನೊ, ಆ ಕಡೆ ಹಿಡಿಯೋ. ನೀನು ಮುರಿದ ಕೈ ಭಾರ ಎತ್ತಲ್ಲ." ಒಂದು ಕ್ಷಣ ಎಲ್ಲರೂ ತಬ್ಬಿಬ್ಬಾದರು. ಆಮೇಲೆ ಕೆಲೆಮೆತೆಯೇ ಮೊದಲು ನಕ್ಕ. ಪೆಸಮಿನೊ ಓಡಿಬಂದು ಹಿಡಿದ.

ವಾಯಿಲಿ ಎಲೆ ಕೆಳಗಿಟ್ಟು ಇಯನೆತಳ ಬಳಿ ಬಂದ. ಅವಳು ಅಭ್ಯಾಸಬಲದಿಂದ ಸಮುದ್ರದ ಕಡೆ ತಿರುಗಿದವಳು ನೆನಪಾಗಿ ಈ ಕಡೆ ತಿರುಗಿದಳು.

"ನಿಜ ಹೇಳು ಇಯನೆತ. ನೀನೇ ಹೂಡಿದ ಆಟ ತಾನೆ ಇದು?"

"ಅಷ್ಟು ಜಾಣೆ ಆಗಿದ್ರೆ ಎರಡು ವರ್ಷ ಯಾಕೆ ಸುಮ್ನಿರ್ತಿದ್ದೆ, ವಾಯಿಲಿ?"

"ಅದೂ ನಿಜ" ಎಂದು ಮುದುಕ ಒಪ್ಪಿಕೊಂಡ.

ಬುಟ್ಟಿ ಇಳಿಸಿ ಬಂದ ತಮ್ಮನನ್ನು ಅವಳು ಮೆಲ್ಲಗೆ ಕೇಳಿದಳು, "ಹಡಗು?"

"ದಿನಾ ಹೋಗುತ್ತಲ್ಲಕ್ಕ, ಹೋಗ್ಲಿ ಬಿಡು" ಎಂದ ಪೆಸಮಿನೊ. ಅವಳು ಅಲ್ಲೇ ಊಟಕ್ಕೆ ಕೂತಳು. ಎರಡು ವರ್ಷದಿಂದ ಹೊಟ್ಟೆಗೆ ಹತ್ತದಿದ್ದ ಊಟ ಅವತ್ತು ಹತ್ತಿತು. ತೆಂಗಿನ ಹಾಲಿನ ಕೆಸುವಿನೆಲೆಯನ್ನು ಅವಳು ಎರಡು ಸಲ ಹಾಕಿಸಿಕೊಂಡಳು.

ಮಧ್ಯಾಹ್ನದ ಆರಾಧನೆಯಲ್ಲಿ ಪಾದ್ರಿಗಳ ಪ್ರಸಂಗ ಎಂದಿನಂತೆ ಉದ್ದವಾಯಿತು. ಮುಂದಿನ ಬೆಂಚಿನಲ್ಲಿ ಮನೋಂಗಿ ಮತ್ತು ಒಕೆಸೆನೆ ಪಕ್ಕಪಕ್ಕದಲ್ಲಿ ಕೂತು, ಕಡ್ಡಿಯ ಭಯಕ್ಕೆ ಕಣ್ಣು ಬಿಟ್ಟುಕೊಂಡು ಕಾದರು. ಕಡ್ಡಿ ಬರಲಿಲ್ಲ. ತಿರುಗಿ ನೋಡಿದರೆ ಇಯನೆತ ಗೋಡೆಗೆ ತಲೆ ಒರಗಿಸಿ, ಬಾಯಿ ಅರ್ಧ ತೆರೆದು, ಗಾಢವಾಗಿ ನಿದ್ದೆ ಹೋಗಿದ್ದಳು. ಕಡ್ಡಿ ಮಡಿಲಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಸಾಲಿನುದ್ದಕ್ಕೂ ಪಿಸುಮಾತು ಹರಿಯಿತು. ಇಂಥ ಅವಕಾಶ ಆ ಊರಿನ ಯಾವ ಮಗುವಿಗೂ ಎಂದೂ ಸಿಕ್ಕಿರಲಿಲ್ಲ. ಒಕೆಸೆನೆ ಮೆಲ್ಲಗೆ ಬಗ್ಗಿ ಕಡ್ಡಿ ಎತ್ತಿಕೊಂಡ, ಅವಳ ಕಿವಿಗೆ ಗುರಿ ಇಟ್ಟ.

ಮನೋಂಗಿ ಅವನ ಕೈ ಹಿಡಿದಳು. "ಬೇಡ ಕಣೋ. ಅತ್ತೆ ಮಲಗ್ಲಿ."

ಅವನು ಒಂದು ಗಳಿಗೆ ಯೋಚಿಸಿ, ಕಡ್ಡಿಯನ್ನು ಸದ್ದಾಗದ ಹಾಗೆ ಅವಳ ಮಡಿಲಲ್ಲಿ ಇಟ್ಟ. ಆಮೇಲೆ ಇಬ್ಬರೂ ಸರದಿಯ ಮೇಲೆ ಅವಳ ಮುಖದ ಮೇಲಿನ ನೊಣ ಓಡಿಸುತ್ತ, ಪ್ರಸಂಗ ಮುಗಿಯುವವರೆಗೂ ಎಚ್ಚರವಾಗಿ ಕೂತಿದ್ದರು.